ದಲ್ಲಾಳಿಯೂ ಕಾಳಸಂತೆಕೋರನೂ ಒಂದೇ ಅಲ್ಲ

ಕೊಂಡು ಮಾರುವವರನ್ನೆಲ್ಲ ‘ದಲ್ಲಾಳಿ’ ಎಂದು ಬರೆದುಬಿಡುವುದು ಸಾಮಾನ್ಯ ತಪ್ಪು. ಮಾಲು ನಡುವೆ ಯಾರ ಸ್ವತ್ತಾಗುತ್ತದೆ ಎಂದು ಮೊದಲು ಕೇಳಿಕೊಳ್ಳಿ. ದಲ್ಲಾಳಿ (ಅರಬ್ಬಿ ಮೂಲದ ಪದ) ಮಾಲನ್ನು ಕೊಳ್ಳುವುದಿಲ್ಲ. ಎರಡು ಕಡೆಯವರನ್ನು ಕೂಡಿಸಿ ಕಮಿಷನ್ ಪಡೆಯುತ್ತಾನೆ, ಬೆಲೆ ಬಿದ್ದರೆ ನಷ್ಟ ಅವನದಲ್ಲ. ಸಗಟು ವ್ಯಾಪಾರಿ ಸ್ವಂತ ದುಡ್ಡು ಹಾಕಿ ಕೊಳ್ಳುತ್ತಾನೆ, ನಷ್ಟವೂ ಅವನದೇ. ಅವನಿಂದ ಕೊಂಡು ಬಿಡಿಬಿಡಿಯಾಗಿ ಮಾರುವವ ಚಿಲ್ಲರೆ ವ್ಯಾಪಾರಿ. ‘ಮಾರಾಟಗಾರ’ ಇಲ್ಲಿ ಸಾಲದು, ತಾನೇ ತಯಾರಿಸಿ ಮಾರುವವನಿಗೂ ಅದೇ ಹೆಸರು. ‘ಮರುಮಾರಾಟಗಾರ’ ನಿಖರ, ಆದರೆ ಮಾತಿನಲ್ಲಿ ಅದರ ಬಳಕೆ ಕಡಿಮೆ.

ಅಕ್ರಮದ ಕಡೆ ಗೊಂದಲ ಇನ್ನೂ ಹೆಚ್ಚು. ಕಳ್ಳಸಾಗಣೆದಾರನ ತಪ್ಪು ಸಾಗಣೆಯಲ್ಲಿದೆ: ಸುಂಕ ತಪ್ಪಿಸಿಯೋ ನಿಷೇಧ ಮೀರಿಯೋ ಗಡಿ ದಾಟಿಸುತ್ತಾನೆ. ಕಾಳಸಂತೆಕೋರನ ಮಾಲು ಕಾನೂನುಬದ್ಧವಾಗಿಯೇ ಇರಬಹುದು, ನಿಗದಿತ ಬೆಲೆಯನ್ನೋ ಹಂಚಿಕೆಯ ನಿಯಮವನ್ನೋ ಮುರಿಯುವುದು ಅವನ ಕೆಲಸ. ಟಿಕೆಟ್ಟಿನ ವಿಷಯಕ್ಕೆ ಬಂದರೆ ‘ಬ್ಲಾಕ್‌ನಲ್ಲಿ ಮಾರುವವ’ ಎಂದರೆ ಸಾಕು. ಕದ್ದ ಮಾಲು ಕೊಂಡು ಮಾರುವವನಿಗೆ ಮಾತ್ರ ಚಾಲ್ತಿಯಲ್ಲಿರುವ ಒಂಟಿ ಪದ ಸಿಗದು. ‘ಕಳ್ಳಮಾಲಿನ ವ್ಯಾಪಾರಿ’ ಎನ್ನಿ, ‘ಕಳ್ಳವ್ಯಾಪಾರಿ’ ಬೇಡ. ಅದರಲ್ಲಿ ಕಳ್ಳತನ ಮಾಲಿನದೋ ವ್ಯಾಪಾರದ್ದೋ ತಿಳಿಯುವುದಿಲ್ಲ.