ಶಿವಮೊಗ್ಗದವರಿಗೆ ಪಕ್ಷನಿಷ್ಠೆ ಇಲ್ವಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ಸಾಗರದವನು ಅಂದ ಕೂಡಲೇ ಬೆಂಗಳೂರಿನ ನೆಂಟರು ಮೊದಲು ಮಳೆ ವಿಚಾರಿಸುತ್ತಾರೆ, ಆಮೇಲೆ ಅಡಿಕೆ ರೇಟು. ಮೂರನೇದು ಇದೇ: "ಅಲ್ಲ ಮಾರಾಯ, ನಿಮ್ಮ ಜಿಲ್ಲೆಯವರು ಒಂದೇ ಪಕ್ಷದಲ್ಲಿದ್ದುಕೊಂಡು ಟಿವಿ ಮುಂದೆ ಹೀಗೆ ಕಿತ್ತಾಡ್ತಾರಲ್ಲ, ನಿಷ್ಠೆ ಅನ್ನೋದೇ ಇಲ್ವಾ ಅವರಿಗೆ?" 2024ರಲ್ಲಿ ಬಿಜೆಪಿಯ ಈಶ್ವರಪ್ಪ ಬಂಡಾಯ ಎದ್ದ ಮೇಲಂತೂ ಕೇಳದೆ ಬಿಟ್ಟವರೇ ಇಲ್ಲ. ಫೋನಲ್ಲಿ ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೆದು ಹಾಕುತ್ತಿದ್ದೇನೆ.

ನಿಷ್ಠೆ ಇದೆ. ಬೇಕಾದ್ದಕ್ಕಿಂತ ಜಾಸ್ತಿನೇ ಇದೆ. ಆದರೆ ಅದು ಯಾರ ಮೇಲೆ ಅನ್ನೋದನ್ನು ನೋಡಬೇಕು. ಜೊತೆಗೆ, ಟಿಕೆಟ್ ಯಾಕೆ ಕೊಡಲಿಲ್ಲ ಅಂತ ಪಕ್ಷದೊಳಗೆ ಕೂತು ಕೇಳುವ ಜಾಗವೇ ಯಾವ ಪಕ್ಷದಲ್ಲೂ ಇಲ್ಲ. ನನ್ನ ಪ್ರಕಾರ ಜಗಳದ ಬೇರು ಇಷ್ಟೇ.

ಯಡಿಯೂರಪ್ಪ, ಈಶ್ವರಪ್ಪ ಇಬ್ಬರನ್ನೇ ನೋಡಿ. ಜಿಲ್ಲೆಯಲ್ಲಿ ಬಿಜೆಪಿ ಕಟ್ಟಿದವರು ಯಾರು ಅಂದರೆ ಈ ಎರಡು ಹೆಸರು ಒಟ್ಟಿಗೇ ಬರುತ್ತವೆ. ಯಡಿಯೂರಪ್ಪ ಶಿಕಾರಿಪುರದಿಂದ ಮೊದಲು ಗೆದ್ದಿದ್ದು 1983ರಲ್ಲಿ, ಈಶ್ವರಪ್ಪ ಶಿವಮೊಗ್ಗದಿಂದ 1989ರಲ್ಲಿ. 2012ರ ಕೊನೆಗೆ ಯಡಿಯೂರಪ್ಪ ಪಕ್ಷ ಬಿಟ್ಟು ಕೆಜೆಪಿ (ಕರ್ನಾಟಕ ಜನತಾ ಪಕ್ಷ) ಕಟ್ಟಿದರು. ಆಗ ಉಪಮುಖ್ಯಮಂತ್ರಿಯಾಗಿದ್ದ ಈಶ್ವರಪ್ಪ ಬಿಜೆಪಿಯಲ್ಲೇ ಉಳಿದರು. ಆವತ್ತಿನ ಲೆಕ್ಕದಲ್ಲಿ ನಿಷ್ಠಾವಂತ ಯಾರು, ಬಂಡಾಯಗಾರ ಯಾರು ಅಂತ ಚಿಕ್ಕ ಮಕ್ಕಳೂ ಹೇಳುತ್ತಿದ್ದರು. 2024ಕ್ಕೆ ಬನ್ನಿ. ಈಶ್ವರಪ್ಪ ತಮ್ಮ ಮಗ ಕಾಂತೇಶ್‌ಗೆ ಹಾವೇರಿ ಲೋಕಸಭೆ ಟಿಕೆಟ್ ಕೇಳಿದ್ದರು, ಅದು ಬೊಮ್ಮಾಯಿಗೆ ಹೋಯಿತು. ಈಶ್ವರಪ್ಪ ಶಿವಮೊಗ್ಗದಲ್ಲಿ ಯಡಿಯೂರಪ್ಪನವರ ಮಗ ರಾಘವೇಂದ್ರ ಎದುರು ಪಕ್ಷೇತರರಾಗಿ ನಿಂತರು, ಪಕ್ಷ ಆರು ವರ್ಷ ಉಚ್ಚಾಟನೆ ಮಾಡಿತು. ತಮಾಷೆ ಅಂದರೆ ಅವರು ಪ್ರಚಾರ ಮಾಡಿದ್ದೂ ಮೋದಿ ಫೋಟೋ ಇಟ್ಟುಕೊಂಡೇ. ಬಿಜೆಪಿ ತಕರಾರು ತೆಗೆಯಿತು. ಅಂದರೆ ಅವರ ವಾದದಲ್ಲಿ ನಿಷ್ಠೆ ಎಲ್ಲೂ ಕದಲಿರಲಿಲ್ಲ, ಸಿಟ್ಟು ಒಂದು ಮನೆತನದ ಮೇಲೆ ಅಷ್ಟೇ. ಜನ ಒಪ್ಪಲಿಲ್ಲ ಬಿಡಿ. ರಾಘವೇಂದ್ರ 2.4 ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು, ಈಶ್ವರಪ್ಪನವರಿಗೆ ಬಿದ್ದಿದ್ದು ಸುಮಾರು 30 ಸಾವಿರ ಮತ. ಮಗನಿಗೆ ಟಿಕೆಟ್ ಕೇಳಿದವರು ಕುಟುಂಬ ರಾಜಕಾರಣದ ವಿರುದ್ಧ ಭಾಷಣ ಮಾಡಿದರೆ ಮತದಾರ ನಗದೇ ಇರ್ತಾನಾ?

ಆದರೆ ಜಗಳಕ್ಕೆ ಬೆಲೆಯೇ ಇಲ್ಲ ಅಂದುಕೊಳ್ಳಬೇಡಿ. 2008ರಲ್ಲಿ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಐದು ಬಿಜೆಪಿಗೆ ಬಂದಿದ್ದವು. ಕೆಜೆಪಿ ಹುಟ್ಟಿದ ಮೇಲೆ 2013ರಲ್ಲಿ ಒಂದೂ ಬರಲಿಲ್ಲ. ಶಿಕಾರಿಪುರ ಕೆಜೆಪಿಗೆ ಹೋಯಿತು, ಉಳಿದ ಆರನ್ನು ಕಾಂಗ್ರೆಸ್, ಜೆಡಿಎಸ್ ಮೂರು ಮೂರು ಹಂಚಿಕೊಂಡವು. ಶಿವಮೊಗ್ಗ ನಗರದಲ್ಲಿ ಕಾಂಗ್ರೆಸ್ ಗೆದ್ದಿದ್ದು 300ಕ್ಕೂ ಕಡಿಮೆ ಮತದಿಂದ, ಎರಡನೇ ಸ್ಥಾನ ಕೆಜೆಪಿಗೆ, ಈಶ್ವರಪ್ಪ ಮೂರನೆಯವರು. ರಾಜ್ಯದಲ್ಲಿ 110 ಇದ್ದ ಬಿಜೆಪಿ 40ಕ್ಕೆ ಇಳಿಯಿತು, ಕೆಜೆಪಿಗೆ ಸಿಕ್ಕಿದ್ದು ಆರೇ. ಮುಂದಿನ ಜನವರಿಯಲ್ಲಿ ಯಡಿಯೂರಪ್ಪ ವಾಪಸ್ ಬಂದರು, ಅದೇ ವರ್ಷ ಶಿವಮೊಗ್ಗದಿಂದ ಲೋಕಸಭೆಗೂ ಹೋದರು. ಪಕ್ಷಕ್ಕೆ ಅವರು ಬೇಕಾಗಿತ್ತು, ಅವರಿಗೂ ಪಕ್ಷ ಬೇಕಾಗಿತ್ತು. ನಿಷ್ಠೆಯ ಮಾತು ಆಗ ಯಾರೂ ಎತ್ತಲಿಲ್ಲ.

ಇನ್ನು ಮಾಜಿ ಮುಖ್ಯಮಂತ್ರಿ ಬಂಗಾರಪ್ಪ. ಅವರ ಹೆಸರು ಬಿಟ್ಟು ಈ ಪ್ರಶ್ನೆಗೆ ಉತ್ತರ ಬರೆಯೋಕೆ ಆಗಲ್ಲ. ಶಿವಮೊಗ್ಗ ಲೋಕಸಭೆಯನ್ನು 1996ರಲ್ಲಿ ತಮ್ಮದೇ ಪಕ್ಷ ಕೆಸಿಪಿಯಿಂದ (ಕರ್ನಾಟಕ ಕಾಂಗ್ರೆಸ್ ಪಕ್ಷ) ಗೆದ್ದರು, 1999ರಲ್ಲಿ ಕಾಂಗ್ರೆಸ್ಸಿನಿಂದ, 2004ರಲ್ಲಿ ಬಿಜೆಪಿಯಿಂದ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದಿಂದ. ನಾಲ್ಕು ಗೆಲುವು, ನಾಲ್ಕು ಪಕ್ಷ! ಹೊರಗಿನವರಿಗೆ ಇದು ಪಕ್ಷಾಂತರ. ಸೊರಬದ ಹಳ್ಳಿಗಳಲ್ಲಿ ಹೋಗಿ ಕೇಳಿ, "ನಾವು ಎಲ್ಲಿಗೂ ಹೋಗ್ಲಿಲ್ಲ, ಅವರ ಜೊತೆಗೇ ಇದ್ವಿ" ಅನ್ನುವ ಹಿರಿಯರು ಸಿಗುತ್ತಾರೆ. ಕಾಗೋಡು ಸತ್ಯಾಗ್ರಹದ ನೆಲ ಇದು, 1951ರಲ್ಲಿ ಗೇಣಿದಾರರು ಭೂಮಾಲೀಕರ ಎದುರು ನಿಂತ ಜಾಗ. ಇಲ್ಲಿ ಬಡವನ ಮನೆಗೆ ರಾಜಕೀಯ ಬಂದಿದ್ದೇ ಜಮೀನಿನ ದಾರಿಯಲ್ಲಿ. ಚಿಹ್ನೆ ಆಮೇಲಿನದು, ಮೊದಲು ನೋಡಿದ್ದು ಕಷ್ಟಕ್ಕೆ ಬಂದ ಮನುಷ್ಯನನ್ನು.

ಇವತ್ತಿಗೂ ಹಾಗೇ. ಅನುಮತಿ ಇಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನನ್ನು ಸಕ್ರಮ ಮಾಡುವ ತಾಲ್ಲೂಕಿನ ಬಗರ್‌ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು. ಅದಕ್ಕೆ ಫಾರಂ 57 ಅನ್ನುವ ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾಯುತ್ತಿರುವವನಿಗೆ ಪಕ್ಷದ ಪ್ರಣಾಳಿಕೆ ತಗೊಂಡು ಏನಾಗಬೇಕು? ಸಮಿತಿಯಲ್ಲಿ ಕೂರುವವರು ಯಾರು ಅನ್ನೋದು ಅವನಿಗೆ ಮುಖ್ಯ. ಶಾಸಕರು ಪಕ್ಷ ಬಿಟ್ಟರೆ ಅವರ ಹಿಂದೆ ಅರ್ಧ ಹೋಬಳಿ ಹೋಗುತ್ತದಲ್ಲ, ಅದು ದುಡ್ಡಿನ ಮಹಿಮೆ ಅಂತ ಪೇಟೆಯವರು ಅಂದುಕೊಳ್ಳುತ್ತಾರೆ. ದುಡ್ಡೂ ಇರಬಹುದು. ಆದರೆ ಅಷ್ಟೇ ಅಲ್ಲ.

ಮನೆಯೊಳಗಿನ ಜಗಳ ಬೇರೆ ಇದೆ. 2004ರ ಚುನಾವಣೆಯಲ್ಲಿ ಅಪ್ಪ ಬಂಗಾರಪ್ಪ ಬಿಜೆಪಿಯಿಂದ ಲೋಕಸಭೆಗೆ ಗೆದ್ದರು, ಹಿರಿಮಗ ಕುಮಾರ್ ಕಾಂಗ್ರೆಸ್ಸಿನಿಂದ ಸೊರಬ ಗೆದ್ದರು, ಅದೂ ಬಿಜೆಪಿಯಿಂದ ನಿಂತಿದ್ದ ತಮ್ಮ ಮಧು ಎದುರು. 2023ರಲ್ಲಿ ಅದೇ ಸೊರಬ, ಅದೇ ಅಣ್ಣ-ತಮ್ಮ, ಆದರೆ ಅಣ್ಣ ಬಿಜೆಪಿ, ತಮ್ಮ ಕಾಂಗ್ರೆಸ್. ತಮ್ಮ ಗೆದ್ದು ಮಂತ್ರಿಯಾದರು. ನಮ್ಮ ಸಾಗರವೂ ಕಮ್ಮಿ ಇಲ್ಲ. ಕಾಂಗ್ರೆಸ್ಸಿನ ಕಾಗೋಡು ತಿಮ್ಮಪ್ಪ, ಬೇಳೂರು ಗೋಪಾಲಕೃಷ್ಣ ಸಂಬಂಧದಲ್ಲಿ ಮಾವ-ಅಳಿಯ. 2004, 2008 ಎರಡರಲ್ಲೂ ಅಳಿಯ ಬಿಜೆಪಿಯಿಂದ ನಿಂತು ಮಾವನನ್ನು ಸೋಲಿಸಿದರು. ಆಮೇಲೆ ಅಳಿಯ ಕಾಂಗ್ರೆಸ್ಸಿಗೆ ಬಂದರು, 2023ರಲ್ಲಿ ಟಿಕೆಟ್ ಅವರಿಗೇ ಸಿಕ್ಕಿತು. ಟಿಕೆಟ್ ಕೇಳಿದ್ದ ಕಾಗೋಡು ಅವರ ಮಗಳು ಬಿಜೆಪಿ ಸೇರಿದರು. ತೋಟದ ಹಿಸ್ಸೆ ಜಗಳಕ್ಕೂ ಇದಕ್ಕೂ ಒಂದೇ ವ್ಯತ್ಯಾಸ. ಹಿಸ್ಸೆಗೆ ಪಂಚರು ಇರುತ್ತಾರೆ, ಇಲ್ಲಿ ಇಲ್ಲ.

ಪಂಚರು ಇಲ್ಲ ಅಂದೆನಲ್ಲ, ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟಿಕೆಟ್ ಅಂತ ನಾವು ಕರೆಯುವುದು ಬಿ ಫಾರಂ ಅನ್ನುವ ಒಂದು ಹಾಳೆ. ನಾಮಪತ್ರದ ಕೊನೇ ದಿನ ಮಧ್ಯಾಹ್ನ 3 ಗಂಟೆಯೊಳಗೆ ಅದು ಚುನಾವಣಾಧಿಕಾರಿ ಕೈ ಸೇರಬೇಕು. ಅದು ಯಾರ ಹೆಸರಿಗೆ ಬರಬೇಕು ಅಂತ ತೀರ್ಮಾನ ಆಗುವುದು ಬೆಂಗಳೂರಲ್ಲಿ, ದೆಹಲಿಯಲ್ಲಿ. ಬೂತ್ ಮಟ್ಟದಲ್ಲಿ ಮೂವತ್ತು ವರ್ಷ ಚೀಟಿ ಹಂಚಿದವನಿಗೆ ಅಲ್ಲಿ ಮತ ಇಲ್ಲ. ಸರ್ವೆ ಮಾಡಿಸಿದೀವಿ ಅಂತಾರೆ, ಆ ಸರ್ವೆ ಯಾರಿಗೂ ತೋರಿಸಲ್ಲ. ಹಾಗಿರುವಾಗ ಸಿಟ್ಟು ಬಂದವನು ಎಲ್ಲಿಗೆ ಹೋಗಬೇಕು? ಪತ್ರಿಕಾ ಭವನಕ್ಕೆ ಹೋಗುತ್ತಾನೆ.

ಕಾನೂನೂ ಇದಕ್ಕೆ ಒಂದು ರೀತಿ ದಾರಿ ಮಾಡಿದೆ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಪ್ರಕಾರ ಸದನದಲ್ಲಿ ವಿಪ್ (ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಶಾಸಕ ಸ್ಥಾನಕ್ಕೇ ಕುತ್ತು. ಅದೇ ಶಾಸಕ ಸುದ್ದಿಗೋಷ್ಠಿ ಕರೆದು ತಮ್ಮ ನಾಯಕನನ್ನು ಬೈದರೆ ಸಾಮಾನ್ಯವಾಗಿ ಬರುವುದು ಶಿಸ್ತು ಸಮಿತಿಯ ನೋಟಿಸ್. ಹೀಗಾಗಿ ಸದನದಲ್ಲಿ ಎಲ್ಲರೂ ಒಗ್ಗಟ್ಟು, ಮೈಕಿನ ಮುಂದೆ ರಂಪ.

ಕೆಳಗಿನ ಹಂತದಲ್ಲೂ ಜಾಗ ಇಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಎರಡನೇ ಸಾಲಿನವರು ಅಲ್ಲಿ ಗೆದ್ದೋ ಸೋತೋ ತಮ್ಮ ತಾಕತ್ತು ತೋರಿಸುತ್ತಿದ್ದರು. ಈಗ ಎಲ್ಲರ ಕಣ್ಣೂ ಒಂದು ಎಂಎಲ್‌ಎ ಟಿಕೆಟ್ ಮೇಲೆ, ಅದಿಲ್ಲದಿದ್ದರೆ ಯಾವುದಾದರೂ ನಿಗಮ ಮಂಡಳಿ ಮೇಲೆ. ಅದಕ್ಕೇ ಮೊದಲಿಂದ ಪಕ್ಷದಲ್ಲಿದ್ದವನು ಮೂಲ, ಬೇರೆ ಪಕ್ಷದಿಂದ ಬಂದವನು ವಲಸಿಗ ಅನ್ನೋ ಮಾತು ಇಷ್ಟು ಜೋರಾಗಿರುವುದು.

ನನಗೆ ಬಹಿರಂಗ ಬಂಡಾಯಕ್ಕಿಂತ ಒಳಏಟಿನ ಬಗ್ಗೆ ಜಾಸ್ತಿ ಅಸಹ್ಯ. ಬಂಡಾಯ ಎದ್ದವನು ಠೇವಣಿ ಕಟ್ಟಿ, ಬೈಸಿಕೊಂಡು, ಊರೂರು ತಿರುಗುತ್ತಾನೆ. ಒಳಏಟು ಕೊಡುವವನು ಅಭ್ಯರ್ಥಿ ಪಕ್ಕದಲ್ಲೇ ಕೈ ಮುಗಿದುಕೊಂಡು ಜೀಪ್ ಹತ್ತಿ, ರಾತ್ರಿ ಫೋನಲ್ಲಿ ಬೇರೆಯವರಿಗೆ ಹಾಕಿಸುತ್ತಾನೆ. ಅವನಿಗೆ ಉಚ್ಚಾಟನೆ ಇಲ್ಲ, ಮುಂದಿನ ಸಲ ನಿಷ್ಠಾವಂತ ಅಂತ ಹುದ್ದೆ ಬೇರೆ ಸಿಗುತ್ತದೆ.

ಕೊನೆಗೆ ಎಲ್ಲರೂ ಕೇಳುವ ಉಪಪ್ರಶ್ನೆ: ಉಚ್ಚಾಟನೆ ಆದವರು ವಾಪಸ್ ಬರ್ತಾರಾ? ಆರು ವರ್ಷ ಅಂತ ಕಾಗದದಲ್ಲಿ ಇರುತ್ತದೆ. ವಿಜಯಪುರದ ಯತ್ನಾಳ್ 2015ರಲ್ಲಿ ಬಿಜೆಪಿಯಿಂದ ಉಚ್ಚಾಟನೆಯಾಗಿ 2018ರ ಚುನಾವಣೆಗೆ ವಾಪಸ್ ಬಂದು ಗೆದ್ದರು, 2025ರಲ್ಲಿ ಮತ್ತೆ ಆರು ವರ್ಷ ಹೊರಗೆ ಹಾಕಿಸಿಕೊಂಡರು. ಈಶ್ವರಪ್ಪನವರದ್ದು ಏನಾಗುತ್ತೆ ಅಂತ ನನ್ನನ್ನು ಕೇಳಬೇಡಿ, ಮುಂದಿನ ವಿಧಾನಸಭೆ ಚುನಾವಣೆಗೆ ನಾಮಪತ್ರ ಹಾಕುವ ವಾರ ಶಿವಮೊಗ್ಗಕ್ಕೆ ಫೋನ್ ಮಾಡಿ.