ಪುಟ್ಟನ ವಿಷಯ

19 ಅಕ್ಟೋಬರ್ 2024, ಶನಿವಾರ
ಎಡಿಸನ್, ನ್ಯೂಜೆರ್ಸಿ

ಬೆಳಿಗ್ಗೆ ಶಿವಮೊಗ್ಗದಿಂದ ದೊಡ್ಡಮ್ಮನ ಫೋನು. ಅವಳ ಅಂಗವಿಕಲ ಮಗ ಪುಟ್ಟನಿಗೆ 41 ತುಂಬಿತಂತೆ. ಫೋನಿನಲ್ಲಿ ಅವಳ ಹಿಂದಿನಿಂದ ಅವನು ರೇಡಿಯೋ ಜೊತೆ ಹಾಡುತ್ತಿದ್ದದ್ದು ಕೇಳಿಸುತ್ತಿತ್ತು.

"ಎಲ್ಲಾದ್ರೂ ಒಂದು ಒಳ್ಳೇ ಸಂಸ್ಥೆ ಇದ್ರೆ ವಿಚಾರಿಸೇ. ಕಾಂಪೌಂಡು, ಗೇಟು, ಹೊತ್ತಿಗೆ ಸರಿಯಾಗಿ ಊಟ ಹಾಕೋರು ಇದ್ರೆ ಸಾಕು. ನಾನು ಕಣ್ಣು ಮುಚ್ಚಿದ ಮೇಲೆ ಅವನಿಗೆ ಯಾರೇ ಗತಿ?"

ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಕಲಮಿನಲ್ಲಿ ಅವರಿಗೆ ಎಲ್ಲರ ನಡುವೆಯೇ ಬಾಳುವ ಹಕ್ಕಿದೆ ಅಂತ ಹೇಳಲು ಹೋದೆ. "ಕಲಂ ಬಂದು ಅವನಿಗೆ ಸ್ನಾನ ಮಾಡಿಸತ್ತಾ?" ಅಂದಳು. ಬಾಯಿ ಕಟ್ಟಿತು.

ಸಂಜೆ ಪಕ್ಕದ ಮನೆ ಅಜ್ಜಿ ಎಲೆ ಗುಡಿಸುತ್ತಿದ್ದರು. ಅವರ ಮಗ ಬುದ್ಧಿಮಾಂದ್ಯರ ಸರ್ಕಾರಿ ಸಂಸ್ಥೆಯೊಂದರಲ್ಲಿ 30 ವರ್ಷ ಇದ್ದವನು. ಈ ರಾಜ್ಯ 2014ರಲ್ಲಿ ಟೊಟೊವಾ ಊರಿನ ಅಂಥ ಸಂಸ್ಥೆಯನ್ನೂ ಮರುವರ್ಷ ವುಡ್‌ಬ್ರಿಡ್ಜಿನದ್ದನ್ನೂ ಮುಚ್ಚಿತಲ್ಲ, ಆಗ ಮುಚ್ಚಬೇಡಿ ಅಂತ ಎಷ್ಟೋ ಮನೆಯವರು ಫೆಡರಲ್ ಕೋರ್ಟಿಗೆ ಹೋಗಿದ್ದರು. ಅಜ್ಜಿಯೂ ಅವರ ಪರ. ಈಗ ಮಗ ಇನ್ನೂ ಮೂವರ ಜೊತೆ ಒಂದು ಸಾಧಾರಣ ಮನೆಯಲ್ಲಿದ್ದಾನೆ. "ಹಸಿವಾದರೆ ತಾನೇ ಹೋಗಿ ಫ್ರಿಜ್ ತೆಗೀತಾನೆ, ಗೊತ್ತಾ?" ಅಂದರು. ಮುಖ ಅರಳಿತ್ತು. ಮರುಕ್ಷಣವೇ ಕಣ್ಣು ತುಂಬಿತು. ಆ ಸಂಸ್ಥೆಯಲ್ಲಿ 22 ವರ್ಷ ಒಬ್ಬಳೇ ಆಯಾ ಅವನಿಗೆ ಉಣಿಸಿದ್ದಳಂತೆ. ಈ ಮನೆಯಲ್ಲಿ ನೋಡಿಕೊಳ್ಳುವವರು ಆರು ತಿಂಗಳು ನಿಂತರೆ ಹೆಚ್ಚು. ಸಂಬಳ ಸಾಲದೆ ಬಿಟ್ಟು ಹೋಗುತ್ತಾರೆ.

ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ ಯೋಚನೆ.

ರಾತ್ರಿ ಓಲ್ಮ್‌ಸ್ಟೆಡ್ ತೀರ್ಪು ತೆಗೆದು ಮತ್ತೆ ಓದಿದೆ. ಜಾರ್ಜಿಯಾ ರಾಜ್ಯದ ಇಬ್ಬರು ಅಂಗವಿಕಲ ಹೆಂಗಸರ ಕೇಸು ಅದು: ಲೋಯಿಸ್ ಕರ್ಟಿಸ್, ಎಲೇನ್ ವಿಲ್ಸನ್. ಹೊರಗೆ ಬಾಳಬಲ್ಲರು ಅಂತ ಚಿಕಿತ್ಸೆ ಕೊಟ್ಟವರೇ ಹೇಳಿದ ಮೇಲೂ ಅವರನ್ನು ಮಾನಸಿಕ ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದರು. ಹೀಗೆ ಕಾರಣವಿಲ್ಲದೆ ಕೂಡಿಹಾಕುವುದೂ ತಾರತಮ್ಯವೇ ಅಂದಿತು ಅಮೆರಿಕದ ಸುಪ್ರೀಂ ಕೋರ್ಟು, 1999ರ ಜೂನ್ 22ರಂದು. ಆದರೆ ಹೊರಗಿನ ಬದುಕು ಒಗ್ಗದವರನ್ನೂ ಹೊರಡಿಸಿಬಿಡಿ ಅಂತ ಅಂಗವಿಕಲರ ಕುರಿತ ಇಲ್ಲಿನ ಕಾನೂನು ಹೇಳುವುದಿಲ್ಲ ಅಂತಲೂ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಅಲ್ಲೇ ಬರೆದರು. ಮುಚ್ಚಿ ಅನ್ನುವವರ ಕೈಯಲ್ಲೂ ಬೇಡ ಅನ್ನುವವರ ಕೈಯಲ್ಲೂ ಅದೇ ತೀರ್ಪು. ಇಲ್ಲಿನ ತಂದೆತಾಯಿ ಎರಡನೇ ಮಾತನ್ನೇ ಹಿಡಿದು ನಿಂತರು. ಅದರಿಂದ ಸಂಸ್ಥೆಯಲ್ಲೇ ಉಳಿಯುವ ಹಕ್ಕು ಹುಟ್ಟುವುದಿಲ್ಲ ಅಂತ ಫೆಡರಲ್ ಕೋರ್ಟು ಅವರ ಕೇಸು ವಜಾ ಮಾಡಿತು.

ಮುಚ್ಚಿದ್ದೇ ಸರಿ ಅಂತ ನನಗೆ ಇವತ್ತಿಗೂ ಅನ್ನಿಸುತ್ತೆ. ಆದರೆ ಉಣಿಸುವ ಕೈ ಉಳಿಯುವಂತೆ ಸಂಬಳ ಕೊಡದೆ ಮುಚ್ಚಿದರೆ ಅಜ್ಜಿಗೆ, ದೊಡ್ಡಮ್ಮನಿಗೆ ಏನಂತ ಹೇಳಲಿ?

ಲೋಯಿಸ್ ಒಳಗಿಂದ ತಾನೇ ವಕೀಲರಿಗೆ ಮತ್ತೆ ಮತ್ತೆ ಫೋನ್ ಮಾಡಿ, ನಾನು ಯಾವಾಗ ಹೊರಗೆ ಬರೋದು ಅಂತ ಕೇಳುತ್ತಿದ್ದಳು. ಕೇಸು ಶುರುವಾದದ್ದೇ ಆ ಫೋನಿನಿಂದ. ಇವತ್ತು ನಾನೂ ದೊಡ್ಡಮ್ಮನೂ ಮುಕ್ಕಾಲು ಗಂಟೆ ಪುಟ್ಟನ ಬಗ್ಗೆಯೇ ಮಾತಾಡಿದೆವು. ಅವನು ಅಲ್ಲೇ ಹಾಡುತ್ತಾ ಕೂತಿದ್ದ. ಅವನಿಗೊಂದ್ಸಲ ಫೋನು ಕೊಡು ದೊಡ್ಡಮ್ಮ ಅಂತ ನಾನು ಅನ್ನಲೇ ಇಲ್ಲ.