ಕರೆಗಂಟೆ: ಲಿಬ್‌ನೋಟಿಫೈನ ಹಳೆಯ ಮತ್ತು ಹೊಸ ಆವೃತ್ತಿಗಳಿಗೆ ಒಂದೇ ಕೋಡ್

ಜೂನ್ 1

ಕರೆಗಂಟೆ ಎಂಬುದು ನಾನು ಸಿ ಭಾಷೆಯಲ್ಲಿ ಬರೆದುಕೊಂಡಿರುವ, ಸುಮಾರು ಐನೂರು ಸಾಲುಗಳ ಪುಟ್ಟ ತಂತ್ರಾಂಶ. ಬೇರೆ ಸ್ಕ್ರಿಪ್ಟ್‌ಗಳು ಅದಕ್ಕೆ ಒಂದು ಶೀರ್ಷಿಕೆಯನ್ನೂ ಒಂದೆರಡು ಸಾಲಿನ ಒಕ್ಕಣೆಯನ್ನೂ ಕೊಟ್ಟರೆ ಅದು ಲಿನಕ್ಸ್ ಡೆಸ್ಕ್‌ಟಾಪ್‌ನ ಮೂಲೆಯಲ್ಲಿ ಸೂಚನೆಯಾಗಿ ತೋರಿಸುತ್ತದೆ. ಬ್ಯಾಟರಿ ಶೇಕಡಾ 15ಕ್ಕೆ ಇಳಿದಾಗ, ರಾತ್ರಿಯ ಬ್ಯಾಕಪ್ ಮುಗಿದಾಗ ಅಥವಾ ಅರ್ಧದಲ್ಲಿ ನಿಂತಾಗ, ಯಂತ್ರ ಯುಪಿಎಸ್ ಮೇಲೆ ಓಡತೊಡಗಿದಾಗ ಅದನ್ನು ಕರೆಯುತ್ತೇನೆ. ಸೂಚನೆಯನ್ನು ಕಳಿಸಲು ಕರೆಗಂಟೆ ಬಳಸುವುದು ಲಿಬ್‌ನೋಟಿಫೈ ಎಂಬ ಲೈಬ್ರರಿಯನ್ನು, ಎಂದರೆ ಬೇರೆ ತಂತ್ರಾಂಶಗಳು ಬಳಸಿಕೊಳ್ಳಲೆಂದು ಬರೆದಿಟ್ಟ ಸಿದ್ಧ ಕೋಡನ್ನು.

ಈಗ ಇದನ್ನು ಮೂರು ಯಂತ್ರಗಳಲ್ಲಿ ಒಂದೇ ಮೂಲ ಕೋಡ್‌ನಿಂದ ಕಟ್ಟಬೇಕಾಗಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್ 12 ಎಂಬ ಲಿನಕ್ಸ್ ವ್ಯವಸ್ಥೆ ಇದ್ದು, ಅದರ ಲಿಬ್‌ನೋಟಿಫೈ ಆವೃತ್ತಿ 0.8.1. ಮನೆಯ ಇನ್ನೊಂದು ಕಂಪ್ಯೂಟರ್‌ನಲ್ಲಿ ಉಬುಂಟು 22.04 ಮತ್ತು ಲಿಬ್‌ನೋಟಿಫೈ 0.7.9 ಇವೆ. ಮೂರನೆಯದು ಶಿವಮೊಗ್ಗದಲ್ಲಿ ಡಿಟಿಪಿ ಅಂಗಡಿ ನಡೆಸುವ ಗೆಳೆಯರ ಯಂತ್ರ. ಅದರಲ್ಲಿ 2011ರ ಡೆಬಿಯನ್ 6 ಮತ್ತು ಲಿಬ್‌ನೋಟಿಫೈ 0.5.0 ಇವೆ. ಅವರ ಹಳೆಯ ಸ್ಕ್ಯಾನರ್‌ನ ಡ್ರೈವರ್ ಆ ಕಾಲದ ವ್ಯವಸ್ಥೆಯಲ್ಲಿ ಮಾತ್ರ ನಡೆಯುವುದರಿಂದ, ಅಂತರ್ಜಾಲ ಸಂಪರ್ಕವನ್ನು ತೆಗೆದುಹಾಕಿ ಆ ಯಂತ್ರವನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಯುಪಿಎಸ್ ಒಳಕೋಣೆಯಲ್ಲಿರುವುದರಿಂದ ಅದರ ಬೀಪ್ ಮುಂಗಟ್ಟೆಗೆ ಕೇಳಿಸುವುದಿಲ್ಲ; ಹಗಲು ಹೊತ್ತು ದೀಪ ಹಾಕದೆ ಕೆಲಸ ಮಾಡುತ್ತಿದ್ದರೆ ಕರೆಂಟು ಹೋದದ್ದೇ ತಿಳಿಯುವುದಿಲ್ಲ. ಹೀಗೆ ಒಮ್ಮೆ ಯುಪಿಎಸ್ ಖಾಲಿಯಾಗಿ ಮದುವೆಯ ಆಮಂತ್ರಣ ಪತ್ರಿಕೆಯ ಪೂರ್ತಿ ಪುಟ ಕಳೆದುಹೋಯಿತು. ಅಂದಿನಿಂದ ಅವರಿಗೆ ಕರೆಗಂಟೆ ಬೇಕಾಗಿದೆ. ಹಳೆಯ ಆವೃತ್ತಿಯನ್ನು ಬಿಟ್ಟುಬಿಡಿ ಎಂದು ಹೇಳುವವರಿಗೆ ಅವರ ವಾದ ಇರಬಹುದು, ಆದರೆ ಈ ಸೂಚನೆಯ ಅಗತ್ಯ ಹೆಚ್ಚಾಗಿರುವುದೇ ಆ ಹಳೆಯ ಯಂತ್ರಕ್ಕೆ ಎಂಬುದು ನನ್ನ ನಿಲುವು.

ಜೂನ್ 8

ಇಂದು ವರ್ಚುವಲ್ ಯಂತ್ರವೊಂದರಲ್ಲಿ ಡೆಬಿಯನ್ 6 ಹಾಕಿಕೊಂಡೆ. ಡೆಬಿಯನ್ ಯೋಜನೆಯವರು ಹಳೆಯ ಪ್ಯಾಕೇಜುಗಳನ್ನೆಲ್ಲ ತಮ್ಮ ಭಂಡಾರದಲ್ಲಿ ಇನ್ನೂ ಇಟ್ಟಿರುವುದರಿಂದ ಇದು ಸಾಧ್ಯವಾಯಿತು. ಅದಕ್ಕಾಗಿ ಅವರಿಗೆ ನಾನು ನಿಜವಾಗಿಯೂ ಋಣಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ತೊಂದರೆಯಿಲ್ಲದೆ ಕಂಪೈಲ್ ಆಗುವ (ಓಡಬಲ್ಲ ತಂತ್ರಾಂಶವಾಗಿ ಬದಲಾಗುವ) ಕೋಡ್ ಅಲ್ಲಿ ಮೊದಲ ಫಂಕ್ಷನ್‌ನಲ್ಲೇ ನಿಂತಿತು. ಆರ್ಗ್ಯುಮೆಂಟ್‌ಗಳು (ಫಂಕ್ಷನ್‌ಗೆ ಕೊಡುವ ಮಾಹಿತಿಗಳು) ಸಾಲವು ಎಂದು ಕಂಪೈಲರ್ ಹೇಳಿತು.

ಕಾರಣ ಹಳೆಯದು. ಸೂಚನೆಯನ್ನು ಸೃಷ್ಟಿಸುವ ನೋಟಿಫೈ_ನೋಟಿಫಿಕೇಶನ್_ನ್ಯೂ ಎಂಬ ಫಂಕ್ಷನ್‌ಗೆ ಮೊದಲು ನಾಲ್ಕು ಆರ್ಗ್ಯುಮೆಂಟ್‌ಗಳಿದ್ದವು: ಶೀರ್ಷಿಕೆ, ಒಕ್ಕಣೆ, ಐಕಾನ್ ಮತ್ತು ಆ ಸೂಚನೆ ಯಾವ ಜಿಟಿಕೆ ವಿಜೆಟ್‌ಗೆ (ಜಿಟಿಕೆ ಎಂಬ ಲೈಬ್ರರಿ ತೆರೆಯ ಮೇಲೆ ಬಿಡಿಸುವ ಗುಂಡಿ, ಕಿಟಕಿಯಂಥ ಭಾಗಕ್ಕೆ) ಅಂಟಿಕೊಂಡು ಕಾಣಬೇಕು ಎಂಬುದು. 2010ರ ಕೊನೆಗೆ ಬಂದ 0.7.0 ಆವೃತ್ತಿಯಲ್ಲಿ ಈ ನಾಲ್ಕನೆಯದನ್ನು ಕಿತ್ತುಹಾಕಿದರು. ಅದರ ಜೊತೆಯಲ್ಲೇ ಸೂಚನೆಯನ್ನು ವಿಜೆಟ್‌ಗೆ ಅಥವಾ ಟ್ರೇ ಐಕಾನ್‌ಗೆ ಜೋಡಿಸುವ ಫಂಕ್ಷನ್‌ಗಳೂ ಹೋದವು, ಲೈಬ್ರರಿಗೆ ಜಿಟಿಕೆಯ ಅವಲಂಬನೆ ತಪ್ಪಿತು, ತಂತ್ರಾಂಶಗಳು ಪರಸ್ಪರ ಸಂದೇಶ ಕಳಿಸಿಕೊಳ್ಳುವ ಡಿ-ಬಸ್ ವ್ಯವಸ್ಥೆಯೊಂದಿಗಿನ ಒಳಗಿನ ಸಂವಹನ ಡಿಬಸ್-ಜಿಲಿಬ್ ಲೈಬ್ರರಿಯನ್ನು ಬಿಟ್ಟು ಜಿಡಿಬಸ್‌ಗೆ ಬದಲಾಯಿತು. ಆ ಹೊತ್ತಿಗೆ ಡೆಬಿಯನ್ 6 ಹೊಸ ಆವೃತ್ತಿಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿ ಬಿಡುಗಡೆಗೆ ಅಣಿಯಾಗುತ್ತಿದ್ದುದರಿಂದ ಅದರಲ್ಲಿ 0.5.0 ಉಳಿದುಬಿಟ್ಟಿತು. ಬದಲಾವಣೆ ಸರಿಯಾದದ್ದೇ ಎಂದು ನನಗೆ ಅನ್ನಿಸುತ್ತದೆ. ಒಂದು ಸಾಲಿನ ಸೂಚನೆ ಕಳಿಸಲು ಇಡೀ ಜಿಟಿಕೆಯನ್ನು ಹೊತ್ತು ತರಬೇಕಾದ ಸ್ಥಿತಿ ಇರಬಾರದಿತ್ತು.

ಇಲ್ಲಿ 2013ರ ನನ್ನ ತಪ್ಪೊಂದನ್ನು ದಾಖಲಿಸಬೇಕು, ಏಕೆಂದರೆ ಈ ಬಾರಿ ಕೆಲಸ ಮಾಡುತ್ತಿರುವ ರೀತಿಗೆ ಅದೇ ಕಾರಣ. ಡೆಬಿಯನ್ 7ಕ್ಕೆ ಬಂದಾಗ ಮೊದಲೇ ಕಟ್ಟಿಟ್ಟಿದ್ದ ಕರೆಗಂಟೆ ಓಡಲಿಲ್ಲ, ಏಕೆಂದರೆ ಅದು ಕೇಳುತ್ತಿದ್ದುದು ಲಿಬ್‌ನೋಟಿಫೈನ ಒಂದನೇ ಸಂಖ್ಯೆಯ ಕಡತವನ್ನು, ಹೊಸ ವ್ಯವಸ್ಥೆಯಲ್ಲಿದ್ದುದು ನಾಲ್ಕನೇ ಸಂಖ್ಯೆಯದು. ಹೊಂದಾಣಿಕೆ ಮುರಿದಿದೆ ಎಂದು ತಿಳಿಸಲೆಂದೇ ಲೈಬ್ರರಿಯವರು ಆ ಸಂಖ್ಯೆಯನ್ನು ಬದಲಿಸಿರುತ್ತಾರೆ. ನಾನು ಅದನ್ನು ಲೆಕ್ಕಿಸದೆ ಹಳೆಯ ಹೆಸರಿನಲ್ಲಿ ಹೊಸ ಕಡತಕ್ಕೆ ಒಂದು ಸಿಂಬಾಲಿಕ್ ಲಿಂಕ್ (ಬೇರೆ ಕಡತಕ್ಕೆ ದಾರಿ ತೋರುವ ಹೆಸರು) ಮಾಡಿದೆ, ಮತ್ತು ಸೂಚನೆಗಳು ಬರತೊಡಗಿದವು. 64 ಬಿಟ್ ಯಂತ್ರದಲ್ಲಿ ನಾಲ್ಕನೆಯ ಆರ್ಗ್ಯುಮೆಂಟ್ ಒಂದು ರಿಜಿಸ್ಟರ್‌ನಲ್ಲಿ (ಪ್ರೊಸೆಸರ್‌ನೊಳಗಿನ ಚಿಕ್ಕ ಸ್ಮೃತಿಕೋಶದಲ್ಲಿ) ಹೋಗುತ್ತದೆ. ಹೊಸ ಫಂಕ್ಷನ್ ಅದನ್ನು ನೋಡುವುದೇ ಇಲ್ಲವಾದ್ದರಿಂದ ಏನೂ ಕೆಡಲಿಲ್ಲ. ಎರಡು ದಿನದ ನಂತರ ಬ್ಯಾಟರಿ ಇಳಿದಾಗ ಕರೆಗಂಟೆ ಸತ್ತುಬಿದ್ದಿತು. ಬ್ಯಾಟರಿಯ ಸೂಚನೆಯನ್ನು ಮಾತ್ರ ನಾನು ಟ್ರೇ ಐಕಾನ್‌ಗೆ ಜೋಡಿಸಿದ್ದೆ, ಆ ಫಂಕ್ಷನ್ ಹೊಸ ಲೈಬ್ರರಿಯಲ್ಲಿ ಇರಲಿಲ್ಲ, ಮತ್ತು ಫಂಕ್ಷನ್‌ನ ಹೆಸರನ್ನು ಮೊದಲ ಬಾರಿ ಕರೆಯುವಾಗಷ್ಟೇ ಹುಡುಕುವ ಪದ್ಧತಿಯಿಂದಾಗಿ ಅದು ಇಲ್ಲವೆಂಬುದು ಆ ಗಳಿಗೆಯವರೆಗೂ ಗೊತ್ತಾಗಲಿಲ್ಲ. ಅಗತ್ಯ ಬಿದ್ದ ಹೊತ್ತಿಗೆ ಸರಿಯಾಗಿ ಕೈಕೊಡುವ ಹೊಂದಾಣಿಕೆಗಿಂತ ಆರಂಭದಲ್ಲೇ ನಿಲ್ಲುವ ತಂತ್ರಾಂಶ ಎಷ್ಟೋ ಮೇಲು. ಆದ್ದರಿಂದ ಈ ಬಾರಿ ಪ್ರತಿ ಯಂತ್ರದಲ್ಲಿಯೂ ಅದರದೇ ಹೆಡರ್ (ಲೈಬ್ರರಿಯ ಫಂಕ್ಷನ್‌ಗಳ ವಿವರವಿರುವ ಕಡತ) ಇಟ್ಟುಕೊಂಡು ಕಂಪೈಲ್ ಮಾಡುತ್ತೇನೆ.

ಜೂನ್ 15

ಲಿಬ್‌ನೋಟಿಫೈಯನ್ನೇ ಬಿಟ್ಟು ನೇರವಾಗಿ ಡಿ-ಬಸ್‌ನಲ್ಲಿ ಮಾತನಾಡಿದರೆ ಈ ತೊಡಕೇ ಇರುವುದಿಲ್ಲವಲ್ಲ ಎಂದು ಬೆಳಿಗ್ಗೆ ಯೋಚಿಸಿದೆ. ಸೂಚನೆಯ ಒಡಂಬಡಿಕೆ ಚಿಕ್ಕದು: ನೋಟಿಫೈ ಎಂಬ ಒಂದೇ ಕರೆಗೆ ತಂತ್ರಾಂಶದ ಹೆಸರು, ಬದಲಿಸಬೇಕಾದ ಹಿಂದಿನ ಸೂಚನೆಯ ಸಂಖ್ಯೆ, ಐಕಾನ್, ಶೀರ್ಷಿಕೆ, ಒಕ್ಕಣೆ, ಗುಂಡಿಗಳು, ಇತರ ಸುಳಿವುಗಳು ಮತ್ತು ಕಾಲಾವಧಿ ಎಂಬ ಎಂಟು ಅಂಶಗಳನ್ನು ಕೊಟ್ಟರೆ ಸೂಚನೆಯನ್ನು ತೆರೆಯ ಮೇಲೆ ತೋರಿಸುವ ಸರ್ವರ್ ಒಂದು ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಆದರೆ ಅದನ್ನು ಸಲೀಸಾಗಿ ಮಾಡಿಸುವ ಜಿಡಿಬಸ್ ಬಂದದ್ದು ಜಿಲಿಬ್ ಎಂಬ ಮೂಲ ಲೈಬ್ರರಿಯ 2.26ನೇ ಆವೃತ್ತಿಯಲ್ಲಿ, ಡೆಬಿಯನ್ 6ರಲ್ಲಿರುವುದು ಜಿಲಿಬ್ 2.24. ಹಾಗಾಗಿ ಅಲ್ಲಿಯೂ ಎರಡು ದಾರಿಗಳನ್ನು ಬರೆಯಬೇಕಾಗುತ್ತದೆ. ಯೋಚನೆಯನ್ನು ಕೈಬಿಟ್ಟೆ.

ಉಳಿದದ್ದು ಕಂಪೈಲ್ ಮಾಡುವಾಗ ಆವೃತ್ತಿಯನ್ನು ನೋಡಿಕೊಂಡು ದಾರಿ ಆರಿಸುವುದು. ಲೈಬ್ರರಿಯ ಹೆಡರ್‌ನಲ್ಲಿ ಇದಕ್ಕಾಗಿ ನೋಟಿಫೈ_ಚೆಕ್_ವರ್ಶನ್ ಎಂಬ ಮ್ಯಾಕ್ರೋ (ಕಂಪೈಲ್‌ಗೆ ಮೊದಲೇ ಬೇರೆ ಪಠ್ಯವಾಗಿ ಬದಲಾಗುವ ಹೆಸರು) ಇದೆ, ಆದರೆ ಹಳೆಯ ಆವೃತ್ತಿಗಳಲ್ಲಿ ಆ ಮ್ಯಾಕ್ರೋ ಇಲ್ಲ. ‘ಮ್ಯಾಕ್ರೋ ಇದ್ದು, ಅದು 0.7.0 ಅಥವಾ ಮೇಲಿನದು ಎಂದು ಹೇಳಿದರೆ’ ಎಂಬ ಷರತ್ತನ್ನು ನಾನು ಒಂದೇ ಸಾಲಿನಲ್ಲಿ ಬರೆದೆ. ಮೊದಲರ್ಧ ಸುಳ್ಳಾದರೆ ಎರಡನೆಯರ್ಧವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಸಿ ಬರೆಯುವವರಿಗೆಲ್ಲ ರೂಢಿಯಾಗಿದೆ. ಆದರೆ ಕಂಪೈಲ್‌ಗೆ ಮೊದಲು ಇಂಥ ಷರತ್ತುಗಳನ್ನು ನೋಡುವ ಪ್ರಿಪ್ರೊಸೆಸರ್, ಷರತ್ತು ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದಕ್ಕೆ ಮೊದಲು ಇಡೀ ಸಾಲನ್ನು ಓದುತ್ತದೆ. ತನಗೆ ಗೊತ್ತಿಲ್ಲದ ಹೆಸರನ್ನು ಸೊನ್ನೆ ಎಂದು ಎಣಿಸುತ್ತದೆ. ಆ ಸೊನ್ನೆಯ ಬೆನ್ನಿಗೇ ಆವರಣ ಚಿಹ್ನೆಯನ್ನು ಕಂಡು, ನಡುವೆ ಗಣಿತದ ಚಿಹ್ನೆಯೊಂದು ತಪ್ಪಿಹೋಗಿದೆ ಎಂದು ಹೇಳಿ ನಿಲ್ಲುತ್ತದೆ. ಮೊದಲ ಪ್ರಶ್ನೆಯನ್ನು ಹೊರಗಿನ ಷರತ್ತಾಗಿಯೂ ಎರಡನೆಯದನ್ನು ಅದರೊಳಗಿನ ಷರತ್ತಾಗಿಯೂ ಬೇರೆ ಬೇರೆ ಸಾಲುಗಳಲ್ಲಿ ಬರೆದಾಗ ಮೂರೂ ಕಡೆ ಕಂಪೈಲ್ ಆಯಿತು. ಮ್ಯಾಕ್ರೋ ಇಲ್ಲದಿದ್ದರೆ ಹಳೆಯದೆಂದೇ ತಿಳಿದುಕೊಳ್ಳುತ್ತದೆ.

ಈ ಷರತ್ತುಗಳೆಲ್ಲ ಈಗ ಹೊಂದಿಕೆ ಎಂಬ ಒಂದೇ ಕಡತದಲ್ಲಿವೆ. ಉಳಿದ ಕೋಡ್ ನನ್ನದೇ ಆದ ಮೂರು ಫಂಕ್ಷನ್‌ಗಳನ್ನು ಮಾತ್ರ ಕರೆಯುತ್ತದೆ; ಲೈಬ್ರರಿಯ ಆವೃತ್ತಿಯ ವಿಚಾರ ಅದಕ್ಕೆ ತಿಳಿಯದು. ಟ್ರೇ ಐಕಾನ್‌ಗೆ ಸಂಬಂಧಿಸಿದ ಸುಮಾರು ಎಂಬತ್ತು ಸಾಲುಗಳನ್ನು ಪೂರ್ತಿ ತೆಗೆದುಹಾಕಿದೆ. ಹೊಸ ಹೆಡರ್ ತಾನಾಗಿ ಜಿಟಿಕೆಯನ್ನು ಎಳೆದು ತರುವುದಿಲ್ಲವಾದ್ದರಿಂದ, ಅದನ್ನು ನೆಚ್ಚಿಕೊಂಡಿದ್ದ ಒಂದೆರಡು ಸಾಲುಗಳೂ ಹೋದವು.

ಜೂನ್ 29

ಕಂಪೈಲ್ ಆದದ್ದಕ್ಕೆ ಕೆಲಸ ಮುಗಿಯಲಿಲ್ಲ. ಲೈಬ್ರರಿ ಸಂದೇಶವನ್ನು ತಲುಪಿಸುತ್ತದೆ ಅಷ್ಟೇ, ಅದನ್ನು ತೆರೆಯ ಮೇಲೆ ಬಿಡಿಸುವುದು ಸೂಚನೆಯ ಸರ್ವರ್. ಅದು ಒಂದೊಂದು ಡೆಸ್ಕ್‌ಟಾಪ್‌ನಲ್ಲಿ ಒಂದೊಂದು ಬಗೆ. ಒಂದೇ ಆವೃತ್ತಿಯ ಲಿಬ್‌ನೋಟಿಫೈ ಇದ್ದರೂ ಗ್ನೋಮ್ ಶೆಲ್, ಎಕ್ಸ್‌ಎಫ್‌ಸಿಇಯ ಸೂಚಕ ಮತ್ತು ಡನ್ಸ್ಟ್ ಎಂಬ ಸರ್ವರ್‌ಗಳು ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ. ಹೀಗಾಗಿ ಆವೃತ್ತಿಯ ಪ್ರಶ್ನೆಯನ್ನು ಕಂಪೈಲ್ ಮಾಡುವಾಗ ಕೇಳಬೇಕು, ಸಾಮರ್ಥ್ಯದ ಪ್ರಶ್ನೆಯನ್ನು ಓಡುವಾಗ ಸರ್ವರನ್ನೇ ಕೇಳಬೇಕು; ಇವೆರಡನ್ನೂ ಬೆರೆಸಿದ್ದೇ ನನ್ನ ಹಳೆಯ ಕೋಡ್‌ನ ದೊಡ್ಡ ದೋಷ.

ಇದು ಕಣ್ಣಿಗೆ ಬಿದ್ದದ್ದು ‘&’ ಚಿಹ್ನೆಯಿಂದ. ಗೆಳೆಯರ ಕಡತಗಳ ಹೆಸರಿನಲ್ಲಿ ಅಂಗಡಿಗಳ ಹೆಸರು ಇರುತ್ತದೆ, ಅಂಗಡಿಗಳ ಹೆಸರಿನಲ್ಲಿ ‘& ಸನ್ಸ್’ ಇರುತ್ತದೆ. ಒಕ್ಕಣೆಯಲ್ಲಿ ದಪ್ಪಕ್ಷರ ಮುಂತಾದ ಗುರುತುಗಳನ್ನು ಅರ್ಥಮಾಡಿಕೊಳ್ಳುವ ಸರ್ವರ್‌ಗೆ ಬರಿಯ ‘&’ ಕಳಿಸಿದರೆ ಅದು ಗುರುತೊಂದರ ಆರಂಭವೆಂದು ತಿಳಿದು ತಪ್ಪುತ್ತದೆ, ಆದ್ದರಿಂದ ಅದರ ಬದಲು ಐದು ಅಕ್ಷರಗಳ ಸಂಕೇತವನ್ನು ಕಳಿಸಬೇಕು. ಗುರುತುಗಳನ್ನು ಅರಿಯದ ಸರ್ವರ್‌ಗೆ ಅದೇ ಸಂಕೇತವನ್ನು ಕಳಿಸಿದರೆ ಆ ಐದೂ ಅಕ್ಷರಗಳು ತೆರೆಯ ಮೇಲೆ ಹಾಗೆಯೇ ಕಾಣುತ್ತವೆ. ಈಗ ಕರೆಗಂಟೆ ಮೊದಲು ಸರ್ವರ್‌ನಿಂದ ಅದರ ಸಾಮರ್ಥ್ಯಗಳ ಪಟ್ಟಿಯನ್ನು ಕೇಳಿ ಪಡೆದು, ಅದರಲ್ಲಿ ಬಾಡಿ-ಮಾರ್ಕಪ್ (ಒಕ್ಕಣೆಯ ಗುರುತುಗಳನ್ನು ಅರಿಯುವ ಸಾಮರ್ಥ್ಯ) ಇದ್ದರೆ ಮಾತ್ರ ಜಿಲಿಬ್‌ನ ಫಂಕ್ಷನ್‌ನಿಂದ ಒಕ್ಕಣೆಯನ್ನು ಪರಿವರ್ತಿಸುತ್ತದೆ. ಪಟ್ಟಿಯನ್ನು ಕೇಳುವ ಈ ಕರೆ ಎಲ್ಲ ಆವೃತ್ತಿಗಳಲ್ಲಿಯೂ ಒಂದೇ ರೂಪದಲ್ಲಿದೆ.

ಕಾಲಾವಧಿಯ ವಿಷಯದಲ್ಲಿಯೂ ಹೀಗೆಯೇ ಆಯಿತು. ಯುಪಿಎಸ್ ಸೂಚನೆ ತಾನಾಗಿ ಮಾಯವಾಗಬಾರದೆಂದು ಅವಧಿಯನ್ನು ಸೊನ್ನೆ ಎಂದು ಕೊಟ್ಟಿದ್ದೆ; ನಿಯಮದ ಪ್ರಕಾರ ಸೊನ್ನೆ ಎಂದರೆ ಎಂದೂ ಮುಗಿಯದ ಅವಧಿ. ಗ್ನೋಮ್ ಶೆಲ್ ಈ ಸಂಖ್ಯೆಯನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ತುರ್ತಿನ ಮಟ್ಟವನ್ನು ಅತ್ಯುನ್ನತಕ್ಕೆ ಏರಿಸಿದರೆ ಮಾತ್ರ ಸೂಚನೆ ನಾವು ಮುಚ್ಚುವವರೆಗೂ ನಿಲ್ಲುತ್ತದೆ. ನಾನು ಹೇಳಬೇಕಾಗಿದ್ದ ಮಾತು ‘ಇದು ತುರ್ತು’ ಎಂಬುದೇ ಹೊರತು ‘ಇಷ್ಟು ಸೆಕೆಂಡು’ ಎಂಬುದಲ್ಲವಾದ್ದರಿಂದ ಈ ಮಾರ್ಪಾಡು ನನಗೆ ಒಪ್ಪಿಗೆಯಾಯಿತು.

ಜುಲೈ 6

ಈ ವಾರ ಹೆಚ್ಚು ಸಮಯ ಹಿಡಿದದ್ದು ಕನ್ನಡದ ಒಕ್ಕಣೆ. ಉದ್ದವಾದ ಒಕ್ಕಣೆಯನ್ನು 120 ಬೈಟ್‌ಗಳಿಗೆ ಕತ್ತರಿಸುವ ಒಂದು ಸಾಲು ಕರೆಗಂಟೆಯಲ್ಲಿ ಮೊದಲಿನಿಂದಲೂ ಇತ್ತು. ನನ್ನ ಸೂಚನೆಗಳು ಇಂಗ್ಲಿಷಿನಲ್ಲಿದ್ದಾಗ ಅದರ ತಪ್ಪು ಕಾಣಲಿಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟ್ ತೆಗೆದುಕೊಳ್ಳುತ್ತದೆ. ‘ಲಕ್ಷ್ಮೀ’ ಎಂಬ ಹೆಸರು ಕಣ್ಣಿಗೆ ಎರಡೇ ಅಕ್ಷರವಾದರೂ ಒಳಗೆ ಲ, ಕ, ವಿರಾಮ (ಅರ್ಧಾಕ್ಷರ ಮಾಡುವ ಗುರುತು), ಷ, ವಿರಾಮ, ಮ, ದೀರ್ಘದ ಗುರುತು ಎಂದು ಏಳು ಸಂಕೇತಗಳಿವೆ, ಬೈಟ್‌ಗಳು ಇಪ್ಪತ್ತೊಂದು. ಕತ್ತರಿ ಒಂದು ಸಂಕೇತದ ನಡುವೆ ಬಿದ್ದರೆ ಉಳಿಯುವುದು ಸರಿಯಾದ ಯುಟಿಎಫ್-8 ಅಲ್ಲ, ಮತ್ತು ಡಿ-ಬಸ್ ಅಂಥ ಪಠ್ಯವನ್ನು ಒಪ್ಪುವುದಿಲ್ಲ. ಸೂಚನೆ ಹೊರಡುವುದೇ ಇಲ್ಲ.

ಸಂಕೇತಗಳ ಲೆಕ್ಕದಲ್ಲಿ ಕತ್ತರಿಸಿದರೆ ಡಿ-ಬಸ್ ಒಪ್ಪುತ್ತದೆ, ಓದುವವರಿಗೆ ಮಾತ್ರ ‘ಲಕ್ಷ್’ ಎಂದು ಮುರಿದ ಹೆಸರು ಕಾಣುತ್ತದೆ. ಹಾಗಾಗಿ ಕತ್ತರಿಸುವ ಜಾಗವನ್ನು ಹಿಂದಕ್ಕೆ ಸರಿಸುತ್ತ ಹೋಗುವ ಚಿಕ್ಕ ಲೂಪ್ ಬರೆದೆ: ಮುಂದಿನ ಸಂಕೇತ ಮಾತ್ರೆಯಂಥ ಗುರುತಾಗಿದ್ದರೆ ಅಲ್ಲಿ ಕತ್ತರಿಸಬಾರದು, ಹಿಂದಿನ ಸಂಕೇತ ವಿರಾಮವೋ ಜೋಡಕ ಸಂಕೇತವೋ (ಅಕ್ಷರಗಳನ್ನು ಬೆಸೆಯುವ, ಕಣ್ಣಿಗೆ ಕಾಣದ ಸಂಕೇತ) ಆಗಿದ್ದರೂ ಕತ್ತರಿಸಬಾರದು. ಹೊಸ ಯಂತ್ರಗಳಲ್ಲಿ ಈ ಕೆಲಸವನ್ನು ಪ್ಯಾಂಗೋ ಲೈಬ್ರರಿ ಮಾಡಿಕೊಡುತ್ತದೆ, ಆದರೆ ಜಿಟಿಕೆಯ ಹೊರೆಯನ್ನು ಇಳಿಸಿದ ಮೇಲೆ ಇಷ್ಟಕ್ಕಾಗಿ ಇನ್ನೊಂದು ಲೈಬ್ರರಿಯನ್ನು ಹೊರುವುದು ನನಗೆ ಇಷ್ಟವಾಗಲಿಲ್ಲ. ಒಂದು ಸಂಕೇತ ಗುರುತು ಹೌದೋ ಅಲ್ಲವೋ ಎಂದು ಹೇಳುವ ಫಂಕ್ಷನ್ ಜಿಲಿಬ್ 2.24ರಲ್ಲಿಯೂ ಇದೆ, ಹದಿನಾಲ್ಕು ಸಾಲಿನಲ್ಲಿ ಮುಗಿಯಿತು. ‘ಲಕ್ಷ್ಮೀ’ಯ ಎರಡನೆಯ ಅಕ್ಷರದೊಳಗೆ ಎಲ್ಲಿ ಮಿತಿ ಬಿದ್ದರೂ ಈಗ ‘ಲ’ ಮಾತ್ರ ಉಳಿದು, ಅದರ ಮುಂದೆ ಮೂರು ಚುಕ್ಕಿಗಳು ಬರುತ್ತವೆ.

ನಿಗದಿತ ಹೊತ್ತಿಗೆ ಕೆಲಸಗಳನ್ನು ನಡೆಸುವ ಕ್ರಾನ್‌ನಿಂದ ಓಡುವ ಬ್ಯಾಕಪ್‌ಗೆ ಸೆಷನ್ ಬಸ್‌ನ (ಲಾಗಿನ್ ಆದ ಬಳಕೆದಾರರ ಡಿ-ಬಸ್ ದಾರಿಯ) ವಿಳಾಸ ಗೊತ್ತಿರುವುದಿಲ್ಲ ಎಂಬ ಹಳೆಯ ತೊಡಕನ್ನೂ ಇದೇ ವಾರ ಬಗೆಹರಿಸಿದೆ. ಸಿಸ್ಟಮ್‌ಡಿ ಎಂಬ ಸೇವಾ ನಿರ್ವಾಹಕ ಇರುವ ಎರಡು ಯಂತ್ರಗಳಲ್ಲಿ ಆ ಬಸ್ ಬಳಕೆದಾರರ ಸಂಖ್ಯೆಯ ಹೆಸರಿನ ರನ್‌ಟೈಮ್ ಫೋಲ್ಡರ್‌ನಲ್ಲಿ ಬಸ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಡೆಬಿಯನ್ 6ರಲ್ಲಿ ಪ್ರತಿ ಲಾಗಿನ್‌ಗೂ ವಿಳಾಸ ಬದಲಾಗುವುದರಿಂದ, ಹೋಮ್ ಫೋಲ್ಡರ್‌ನೊಳಗೆ ಡಿಬಸ್ ಬರೆದಿಡುವ ಕಡತದಿಂದ ಓದಿಕೊಳ್ಳುತ್ತೇನೆ.

ಜುಲೈ 13

ನಿನ್ನೆ ಶಿವಮೊಗ್ಗಕ್ಕೆ ಹೋಗಿ ಗೆಳೆಯರ ಯಂತ್ರದಲ್ಲೇ ಕಂಪೈಲ್ ಮಾಡಿದೆ. ಯಾವ ಎಚ್ಚರಿಕೆಯೂ ಬರಲಿಲ್ಲ. ಪರೀಕ್ಷೆಗೆಂದು ಅವರು ಒಳಕೋಣೆಗೆ ಹೋಗಿ ಯುಪಿಎಸ್‌ನ ಪ್ಲಗ್ ಕಿತ್ತರು. ಐದಾರು ಸೆಕೆಂಡಿನಲ್ಲಿ ಬಲಮೂಲೆಯಲ್ಲಿ ‘ಕರೆಂಟು ಹೋಗಿದೆ, ಕಡತ ಉಳಿಸಿಕೊಳ್ಳಿ’ ಎಂಬ ಸೂಚನೆ ಬಂದು, ಅವರು ಹೊರಗೆ ಬರುವವರೆಗೂ ನಿಂತೇ ಇತ್ತು. ಪ್ಲಗ್ ಮತ್ತೆ ಸಿಕ್ಕಿಸಿದ ಮೇಲೆ ಸೂಚನೆ ತಾನಾಗಿ ಹೋಗಬೇಕಿತ್ತಲ್ಲವೇ ಎಂದು ಅವರು ಕೇಳಿದರು, ಮತ್ತು ಅದು ನ್ಯಾಯವಾದ ಪ್ರಶ್ನೆ. ಪ್ರತಿ ಕರೆಯೂ ಬೇರೆ ಪ್ರೊಸೆಸ್ ಆಗಿರುವುದರಿಂದ, ಸರ್ವರ್ ಕೊಟ್ಟ ಸಂಖ್ಯೆಯನ್ನು ಒಂದು ಕಡತದಲ್ಲಿ ಬರೆದಿಟ್ಟು, ಕರೆಂಟು ಬಂದಾಗ ಅದೇ ಸಂಖ್ಯೆಯ ಸೂಚನೆಯನ್ನು ಮುಚ್ಚಬೇಕಾಗುತ್ತದೆ. ಹಳೆಯ ಆವೃತ್ತಿಯಲ್ಲಿ ಆ ಸಂಖ್ಯೆಯನ್ನು ಹೊರಗೆ ಪಡೆಯುವ ದಾರಿಯನ್ನು ಮುಂದಿನ ಭಾನುವಾರ 0.5.0ರ ಮೂಲ ಕೋಡ್‌ನಲ್ಲಿ ಹುಡುಕುತ್ತೇನೆ.